ಯಾರ ಮನೆ? ಎಷ್ಟು ಗಟ್ಟಿ? ಯಾರ ಹೆಸರು?

(ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ್ದ ಮಹಿಳಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಈ ಕಾರ್ಯಕ್ರಮಕ್ಕೆ ಕರೆಯುವಾಗ ಕಾರ್ಯದರ್ಶಿಯವರು, "ನೀವು ಐಟಿಯವರು, ಎಐ ಬಗ್ಗೆ ಏನಾದರೂ ಹೇಳಿ" ಅಂದರು. "ಮೇಡಂ, ಅದರ ಬಗ್ಗೆ ದಿನಕ್ಕೆ ಹತ್ತು ವಾಟ್ಸಾಪ್ ಸಂದೇಶ ಎಲ್ಲರಿಗೂ ಬರುತ್ತದೆ. ನಾನು ಬಾಡಿಗೆ ಮನೆಯ ಬಗ್ಗೆ ಮಾತಾಡಲೇ?" ಎಂದು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕು ಒಪ್ಪಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಅವರು ಮುಂಬಯಿಯಲ್ಲಿ ಇದ್ದಿದ್ದರೆ ಬಾಡಿಗೆ ಮನೆ ಹುಡುಕಿ ನೋಡು ಅನ್ನುವುದನ್ನೂ ಸೇರಿಸುತ್ತಿದ್ದರು.

ನಾನು ಕುಮಟಾದವಳು. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ 2013ರಲ್ಲಿ ಇಲ್ಲಿಗೆ ಬಂದೆ. ನನ್ನ ಅಜ್ಜನಿಗೆ ಇದು ಹೊಸ ಊರೇ ಆಗಿರಲಿಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೂ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಮುಂಬಯಿಯೇ ರಾಜಧಾನಿ. ಆದರೆ ರಾಜಧಾನಿಯಲ್ಲಿ ತಲೆಯ ಮೇಲೊಂದು ಸೂರು ಹುಡುಕುವುದು ಅಜ್ಜನ ಕಾಲಕ್ಕೂ ಕಷ್ಟ, ನನ್ನ ಕಾಲಕ್ಕೂ ಕಷ್ಟ.

ಮದುವೆಯಾದ ಮೇಲೆ ನಾವು ಡೊಂಬಿವಲಿಯಲ್ಲಿ ಬಾಡಿಗೆಗೆ ಇದ್ದೆವು. ಒಳ್ಳೆಯ ಮನೆ, ಲಿಫ್ಟ್ ಇತ್ತು, ಬಾಡಿಗೆ 14 ಸಾವಿರ. ಆಮೇಲೆ ಯಜಮಾನರಿಗೆ ಪುಣೆಗೆ ವರ್ಗವಾಯಿತು. ವಾರವಿಡೀ ಅವರು ಅಲ್ಲಿ, ನಾನೂ ಮಗಳೂ ಇಲ್ಲಿ. ಕೋವಿಡ್ ಮುಗಿದು 2022ರಲ್ಲಿ ಆಫೀಸಿಗೆ ಬರಲೇಬೇಕು ಎಂದಾಗ ಕಷ್ಟ ಶುರುವಾಯಿತು. ನನ್ನ ಆಫೀಸು ಲೋವರ್ ಪರೇಲ್‌ನಲ್ಲಿ. ಮನೆಯಿಂದ ಆಟೋ, ಫಾಸ್ಟ್ ಲೋಕಲ್‌ನಲ್ಲಿ ದಾದರ್, ಅಲ್ಲಿ ಸೇತುವೆ ಹತ್ತಿ ವೆಸ್ಟರ್ನ್ ಲೈನ್, ಮತ್ತೆ ನಡಿಗೆ. ಹೋಗಲು ಒಂದು ಗಂಟೆ ಐವತ್ತು ನಿಮಿಷ, ಬರಲು ಅಷ್ಟೇ. ಮಗಳನ್ನು ಬಿಡುತ್ತಿದ್ದ ಪಾಳಣಾಘರ್ ಏಳೂವರೆಗೆ ಮುಚ್ಚುತ್ತಿತ್ತು. ಜುಲೈ ತಿಂಗಳ ಒಂದು ಸಂಜೆ ಹಳಿಯ ಮೇಲೆ ನೀರು ನಿಂತು ರೈಲು ಕುರ್ಲಾದಲ್ಲೇ ಉಳಿಯಿತು. ನಾನು ಮನೆ ಮುಟ್ಟಿದಾಗ ರಾತ್ರಿ ಹತ್ತೂ ಕಾಲು. ಪಾಳಣಾಘರಿನ ಆ ಮೌಶಿ ಬೀಗ ಹಾಕಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಮಗಳನ್ನು ತೊಡೆಯಲ್ಲಿ ಮಲಗಿಸಿಕೊಂಡು ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ಲೆಕ್ಕ ಹಾಕಿದೆ. ಸ್ಟೇಷನ್ ಹತ್ತಿರ, ಊರೊಳಗೆ ಮನೆ ಸಿಕ್ಕರೆ ದಿನಕ್ಕೆ ಎರಡೂವರೆ ಗಂಟೆ ಉಳಿಯುತ್ತದೆ. ತಿಂಗಳಿಗೆ 22 ದಿನ ಅಂದರೆ 55 ಗಂಟೆ. ಮಾಟುಂಗಾದಲ್ಲಿ ಹಳೆಯ ಕಟ್ಟಡದ ಸಣ್ಣ ಮನೆಗೆ 38 ಸಾವಿರ ಕೇಳುತ್ತಿದ್ದರು. ಹೆಚ್ಚಿಗೆ ಕೊಡಬೇಕಾದ 24 ಸಾವಿರವನ್ನು 55ರಿಂದ ಭಾಗಿಸಿದರೆ ಗಂಟೆಗೆ ಸುಮಾರು 436 ರೂಪಾಯಿ. ಮಗಳು ಎಚ್ಚರವಿರುವಾಗ ಅವಳ ಮುಖ ನೋಡಲು ಗಂಟೆಗೆ 436 ರೂಪಾಯಿ ದುಬಾರಿಯೇ? ಎಲ್ಲರಿಗೂ ಇದು ಕೈಗೆಟುಕುವ ಮಾತಲ್ಲ ಎಂದು ನನಗೆ ಗೊತ್ತು. ಆದರೆ ಬಾಡಿಗೆಯನ್ನು ಮಾತ್ರ ಎಣಿಸಿ, ರೈಲಿನಲ್ಲಿ ಕಳೆದ ಗಂಟೆಗಳನ್ನು ಎಣಿಸದೆ ಇರಬೇಡಿ. ಅದೂ ನಾವು ಕೊಡುವ ಬಾಡಿಗೆಯೇ. ಮನೆಯಲ್ಲಿ ಹೆಚ್ಚಾಗಿ ಅದನ್ನು ಕೊಡುವವರು ಹೆಂಗಸರು.

ಮಾಟುಂಗಾವನ್ನೇ ಯಾಕೆ ಹುಡುಕಿದೆ ಎಂದರೆ, ಅಲ್ಲಿ ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಇದೆ, ಝಡ್ ಬ್ರಿಜ್ ದಾಟಿದರೆ ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಇದೆ. ಮಾಟುಂಗಾ ರೋಡಿನಿಂದ ದಾದರ್, ಪ್ರಭಾದೇವಿ, ಲೋವರ್ ಪರೇಲ್. ಮೂರೇ ಸ್ಟೇಷನ್. ಸೆಂಟ್ರಲ್ ಲೈನಿನ ಆ ಮಾಟುಂಗಾ ಸ್ಟೇಷನ್ 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿ ನಡೆಸುವ ದೇಶದ ಮೊದಲ ನಿಲ್ದಾಣ ಎಂದು ಹೆಸರಾಯಿತು. ಇನ್ನು ನಮ್ಮವರಿಗಂತೂ ಮಾಟುಂಗಾ ಎಂದರೆ ಅರ್ಧ ಊರೇ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ, ಕರ್ನಾಟಕ ಸಂಘ ಹತ್ತಿರದಲ್ಲಿದೆ, ಸ್ಟೇಷನ್ ಎದುರಿಗೆ 1942ರಿಂದ ಬಾಳೆಲೆ ಊಟ ಹಾಕುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ.

ಅಲ್ಲಿಯ ಮನೆಗಳು ಹಳೆಯವು. 1896ರಲ್ಲಿ ಪ್ಲೇಗು ಬಂದು ಜನ ಸತ್ತಾಗ, ಇಕ್ಕಟ್ಟಿನ ಊರನ್ನು ಸಡಿಲಿಸಲು ಬ್ರಿಟಿಷರು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ದಾದರ್, ಮಾಟುಂಗಾದ ಅಗಲ ರಸ್ತೆಗಳು, ಮರಗಳು, ಮೂರು ನಾಲ್ಕು ಮಹಡಿಯ ಕಟ್ಟಡಗಳು ಅದರ ಫಲ. ಎತ್ತರದ ಛಾವಣಿ, ಎರಡೂ ಕಡೆ ಕಿಟಕಿ, ಗಾಳಿ. ನೋಡಿದ ಕೂಡಲೇ ಮನಸ್ಸು ಸೋಲುತ್ತದೆ. ಸೋಲುವ ಮೊದಲು ಮೂರು ಪ್ರಶ್ನೆ ಕೇಳಿ. ಇವತ್ತು ನಾನು ಹೇಳಬೇಕೆಂದಿರುವುದು ಈ ಮೂರೇ ಪ್ರಶ್ನೆ.

ಮೊದಲನೆಯದು, ಇದು ಯಾರ ಮನೆ?

ಬ್ರೋಕರ್ ತೋರಿಸಿದ ಮೊದಲ ಮನೆ ಸ್ಟೇಷನ್ನಿಂದ ಮೂರು ನಿಮಿಷ. ಬಾಡಿಗೆ ಬೇರೆಯವರಿಗಿಂತ ಆರು ಸಾವಿರ ಕಡಿಮೆ. "ಅಗ್ರಿಮೆಂಟ್ ಬೇಡ, ಡಿಪಾಸಿಟ್ ಕ್ಯಾಶ್ ಕೊಡಿ, ನಾಳೆಯೇ ಚಾವಿ" ಎಂದರು. ನಾನು ಕರೆಂಟ್ ಬಿಲ್ ತೋರಿಸಿ ಎಂದೆ. ಬೆಸ್ಟ್ ಬಿಲ್ಲಿನಲ್ಲಿ ಒಂದು ಹೆಸರು, ಬಾಡಿಗೆ ಪಾವತಿಯಲ್ಲಿ ಇನ್ನೊಂದು ಹೆಸರು, ನನ್ನ ಮುಂದೆ ಕೂತು ಡಿಪಾಸಿಟ್ ಕೇಳುತ್ತಿದ್ದವರು ಮೂರನೆಯವರು. ಅದು ಪಗ್ಡಿ ಮನೆ.

ಪಗ್ಡಿ ಎಂದರೇನು ಎಂದು ಕಿರಿಯರಿಗೆ ಹೇಳುತ್ತೇನೆ. ಇಲ್ಲಿ 1947ರಲ್ಲಿ ಬಂದ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನಲ್ಲಿದ್ದ ದರಕ್ಕೇ ಕಟ್ಟಿಹಾಕಿತು. ಬಾಡಿಗೆ ಏರಿಸುವಂತಿಲ್ಲ, ಬಾಡಿಗೆದಾರರನ್ನು ಸುಲಭವಾಗಿ ಬಿಡಿಸುವಂತಿಲ್ಲ. ಹಾಗಾಗಿ ಮನೆ ಕೊಡುವಾಗಲೇ ದೊಡ್ಡ ಮೊತ್ತ ತೆಗೆದುಕೊಂಡು, ಆಮೇಲೆ ತಿಂಗಳಿಗೆ ಅಲ್ಪ ಬಾಡಿಗೆ ಪಡೆಯುವ ಪದ್ಧತಿ ಬೆಳೆಯಿತು. ಆ ಮೊತ್ತವೇ ಪಗ್ಡಿ. ಜಾಗ ಮಾಲೀಕನದ್ದು, ವಾಸದ ಹಕ್ಕು ಬಾಡಿಗೆದಾರನದ್ದು. ಬಾಡಿಗೆದಾರ ಆ ಹಕ್ಕನ್ನು ಬೇರೆಯವರಿಗೆ ಮಾರಿದರೆ ಮೂರನೇ ಒಂದು ಪಾಲಿನಷ್ಟು ಮಾಲೀಕ ಕೇಳುವುದು ರೂಢಿ. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999 ಇದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಆದರೆ ಮಾಲೀಕನ ಒಪ್ಪಿಗೆ ಇಲ್ಲದೆ ಪಗ್ಡಿ ಬಾಡಿಗೆದಾರ ಮನೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಅವನ ಹಕ್ಕೇ ಹೋಗಬಹುದು. ಅವನೇ ಹೋದರೆ ನಾವು ಎಲ್ಲಿ ನಿಲ್ಲುವುದು? ಕ್ಯಾಶ್ ಕೊಟ್ಟ ಡಿಪಾಸಿಟ್ ಯಾರ ಹತ್ತಿರ ಕೇಳುವುದು?

ಆ ಮನೆ ಬಿಟ್ಟೆ. ಹದಿನೈದು ದಿನ ಕಳೆದು ಅದೇ ರಸ್ತೆಯಲ್ಲಿ ಇನ್ನೊಂದು ಸಿಕ್ಕಿತು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಉಳಿದವರೆಲ್ಲ ಪಗ್ಡಿಯವರು, ಇದೊಂದು ಮನೆ ಮಾತ್ರ ಮಾಲೀಕರ ಸ್ವಂತ ವಶದಲ್ಲಿತ್ತು. ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡಿಕೊಟ್ಟರು. ಈ ಕರಾರನ್ನು ಬರೆದು ನೋಂದಾಯಿಸಲೇಬೇಕು, ನೋಂದಾಯಿಸುವ ಹೊಣೆ ಮನೆ ಕೊಡುವವರದ್ದು ಎಂದು ಕಾಯ್ದೆಯೇ ಹೇಳುತ್ತದೆ. ಖರ್ಚು ದೊಡ್ಡದಲ್ಲ. 11 ತಿಂಗಳ ಬಾಡಿಗೆ, ಜೊತೆಗೆ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರ ಲೆಕ್ಕದ ಬಡ್ಡಿ, ಎರಡನ್ನೂ ಕೂಡಿಸಿ ಅದರ ಶೇ. 0.25 ಸ್ಟಾಂಪ್ ಶುಲ್ಕ. ನನ್ನ 38 ಸಾವಿರ ಬಾಡಿಗೆಗೆ, ಒಂದೂವರೆ ಲಕ್ಷ ಡಿಪಾಸಿಟ್ಟಿಗೆ ಅದು ಸುಮಾರು 1,080 ರೂಪಾಯಿ ಆಯಿತು. ನೋಂದಣಿ ಶುಲ್ಕ ಒಂದು ಸಾವಿರ. ಒಂದೂವರೆ ಲಕ್ಷದ ರಕ್ಷಣೆಗೆ ಎರಡು ಸಾವಿರ. ಇದನ್ನು ಉಳಿಸಲು ಹೋಗಬೇಡಿ. ಇನ್ನೊಂದು ಮಾತು. ಲೈಸೆನ್ಸ್ ಎಂದರೆ ಅನುಮತಿ ಮಾತ್ರ, ಹಕ್ಕಲ್ಲ. ಅವಧಿ ಮುಗಿದ ಮೇಲೆ ಬಿಡದಿದ್ದರೆ ಎರಡು ಪಟ್ಟು ಪರಿಹಾರ ಕಟ್ಟಬೇಕಾಗಿ ಬರಬಹುದು.

ಎರಡನೆಯ ಪ್ರಶ್ನೆ, ಮನೆ ಎಷ್ಟು ಗಟ್ಟಿ?

ನಾವು ಹೆಂಗಸರು ಮನೆ ನೋಡಲು ಹೋದರೆ ಮೊದಲು ಅಡುಗೆಮನೆಗೆ ಹೋಗುತ್ತೇವೆ. ಹೋಗಿ. ಆದರೆ ಬರುವಾಗ ಮೆಟ್ಟಿಲ ಕೆಳಗೆ, ತಾರಸಿಗೆ, ಹಿಂದಿನ ಓಣಿಗೂ ಹೋಗಿ ಬನ್ನಿ. ಕಬ್ಬಿಣದ ಸರಳು ತುಕ್ಕು ಹಿಡಿದು ಹೊರಗೆ ಕಾಣುತ್ತಿದೆಯೇ, ಗೋಡೆಯಲ್ಲಿ ಆಲದ ಗಿಡ ಹುಟ್ಟಿದೆಯೇ, ಛಾವಣಿಗೆ ಮರದ ಕಂಬದ ಆಸರೆ ಕೊಟ್ಟಿದ್ದಾರೆಯೇ ನೋಡಿ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ಮುಂಬಯಿ ಮಹಾನಗರಪಾಲಿಕೆಯ ಕಾಯ್ದೆ ಹೇಳುತ್ತದೆ. ಆ ವರದಿ ಕೇಳುವುದರಲ್ಲಿ ಸಂಕೋಚ ಬೇಡ. ವರದಿಯಲ್ಲಿ 'ಸಿ-1' ಎಂದಿದ್ದರೆ ಅದು ವಾಸಕ್ಕೆ ಅಪಾಯ, ಕೆಡವಬೇಕಾದ ಕಟ್ಟಡ. ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬೇಡ. ದ್ವೀಪನಗರದ, ಅಂದರೆ ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಹಳೆಯ ಸೆಸ್ ಕಟ್ಟಡಗಳನ್ನು ಮ್ಹಾಡಾದ ದುರಸ್ತಿ ಮಂಡಳಿ ಪ್ರತಿವರ್ಷ ಮಳೆಗಾಲದ ಮೊದಲು ಪರೀಕ್ಷಿಸಿ, ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ಪತ್ರಿಕೆಯಲ್ಲಿ ಬರುತ್ತದೆ, ಓದಿ.

ನಾನು ಇದನ್ನೆಲ್ಲ ಮೊದಲೇ ಮಾಡಿದೆ ಎಂದು ತಿಳಿಯಬೇಡಿ. 2023ರ ಮಳೆಗಾಲದ ಒಂದು ರಾತ್ರಿ ಅಡುಗೆಮನೆಯ ಛಾವಣಿಯಿಂದ ಹಲಗೆಯಷ್ಟು ಗಾರೆ ಕಳಚಿ ಮಿಕ್ಸರ್ ಮೇಲೆ ಬಿತ್ತು. ಮಗಳು ದಿನಾ ಕೂತು ಹಾಲು ಕುಡಿಯುವ ಜಾಗ ಅಲ್ಲಿಂದ ಎರಡು ಅಡಿ. ಮಾಲೀಕರು ದುರಸ್ತಿ ಮಾಡಿಸಿದರು. ವರದಿಯನ್ನು ಆಮೇಲೆ ಕೇಳಿ ಓದಿದೆ. ದುರಸ್ತಿ ಸಾಕು, ಕೆಡವುವಷ್ಟು ಆಗಿಲ್ಲ ಎಂದಿತ್ತು. ಅದೃಷ್ಟ. ಅದೃಷ್ಟವನ್ನು ನಂಬಿ ಮನೆ ಹಿಡಿಯಬಾರದು ಎಂದು ಎಂ.ಟೆಕ್ ಮಾಡಿದವಳಿಗೆ ಗಾರೆ ಬಿದ್ದ ಮೇಲೆ ಬುದ್ಧಿ ಬಂತು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಳೆಯ ವೈರಿಂಗ್ ಎಸಿಯನ್ನು ತಡೆಯುತ್ತದೆಯೇ, ಸಂಡಾಸು ಮನೆಯೊಳಗೇ ಇದೆಯೇ ಅಥವಾ ಗ್ಯಾಲರಿಯ ತುದಿಯಲ್ಲಿದೆಯೇ, ಇವನ್ನೂ ಮೊದಲೇ ಕೇಳಿ.

ಮೂರನೆಯ ಪ್ರಶ್ನೆ, ಕಾಗದದಲ್ಲಿ ಯಾರ ಹೆಸರು? ಇದಕ್ಕಾಗಿಯೇ ನಾನು ಇವತ್ತು ಇಲ್ಲಿ ನಿಂತಿರುವುದು.

ಕರಾರು ತಯಾರಿಸುವಾಗ ಬ್ರೋಕರ್, "ಮೇಡಂ, ಸರ್ ಹೆಸರಲ್ಲಿ ಮಾಡೋಣ, ಓನರ್‌ಗೆ ಸಮಾಧಾನ" ಎಂದರು. ಬಾಡಿಗೆ ಕೊಡುವವಳು ನಾನು, ವಾಸ ಮಾಡುವವಳು ನಾನು, ಮನೆ ಹುಡುಕಿದವಳೂ ನಾನು. ಆದರೂ ಸರಿ ಎಂದೆ. ಶನಿವಾರ ಯಜಮಾನರು ಪುಣೆಯಿಂದ ಬಂದರು, ಬ್ರೋಕರ್‌ನ ಹುಡುಗ ಲ್ಯಾಪ್‌ಟಾಪ್, ಬೆರಳಚ್ಚು ಯಂತ್ರ ತಂದ, ಯಜಮಾನರು ಹೆಬ್ಬೆರಳು ಒತ್ತಿದರು, ನಾನು ಎಲ್ಲರಿಗೂ ಚಹಾ ಕೊಟ್ಟೆ. ಆಫೀಸಿನಲ್ಲಿ ಕಂಪನಿಯ ಕರಾರುಗಳ ಒಂದೊಂದು ಸಾಲನ್ನೂ ಓದಿ ತಪ್ಪು ಹಿಡಿಯುವವಳು ನಾನು. ನನ್ನ ಮನೆಯ ಕರಾರಿನಲ್ಲಿ ನಾನೇ ಇಲ್ಲ ಎಂಬುದು ತಪ್ಪಾಗಿ ಕಾಣಲೇ ಇಲ್ಲ.

ಪಕ್ಕದ ಮನೆಯಲ್ಲಿ ಕುಂದಾಪುರ ಕಡೆಯ ದೊಡ್ಡಮ್ಮ ಇದ್ದರು. 1971ರಲ್ಲಿ ಮದುವೆಯಾಗಿ ಆ ಮನೆಗೆ ಬಂದವರು. ಅವರ ಯಜಮಾನರು ಹುಡುಗರಾಗಿದ್ದಾಗ ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕಿನಲ್ಲಿ ಗುಮಾಸ್ತರಾದವರು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಾನು ಆಫೀಸಿನಿಂದ ಬರುವುದು ತಡವಾದರೆ ಮಗಳು ದೊಡ್ಡಮ್ಮನ ಮನೆಯಲ್ಲಿ ಗಂಜಿ ಉಂಡು, ಅವರ ಕಥೆ ಕೇಳುತ್ತಿದ್ದಳು. ಡೊಂಬಿವಲಿಯ ಆ ಮೆಟ್ಟಿಲ ರಾತ್ರಿಯನ್ನು ನಾನು ಮರೆಯುವಂತೆ ಮಾಡಿದವರು ಅವರು.

ಒಂದು ದಿನ ಬಾಡಿಗೆ ವಸೂಲಿಗೆ ಬರುವ ಮೆಹತಾಜಿ ಒಂದು ಪಟ್ಟಿ ತಂದರು. ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ, ಬಾಡಿಗೆದಾರರ ಹೆಸರು ಸರಿಯಿದೆಯೇ ನೋಡಿ ಎಂದರು. ಹೊಸ ಕಟ್ಟಡದಲ್ಲಿ ಜಾಗ ಸಿಗುವುದು ಹೆಸರಿದ್ದವರಿಗೆ. ಹಳೆಯ ಸೆಸ್ ಕಟ್ಟಡದ ಬಾಡಿಗೆದಾರರಿಗೆ ಕನಿಷ್ಠ 300 ಚದರಡಿ ಕಾರ್ಪೆಟ್ ಜಾಗ ಕೊಡಬೇಕೆಂಬ ನಿಯಮವಿದೆ. ಈ ಊರಿನಲ್ಲಿ 300 ಚದರಡಿ ಎಂದರೆ ಏನು ಬೆಲೆ ಎಂದು ನಿಮಗೆ ಹೇಳಬೇಕಿಲ್ಲ. ದೊಡ್ಡಮ್ಮನ ಮನೆಯ ಮುಂದೆ ಇದ್ದದ್ದು ತೀರಿಕೊಂಡ ಅವರ ಯಜಮಾನರ ಹೆಸರು. ಒಂಬತ್ತು ವರ್ಷದಿಂದ ಬಾಡಿಗೆ ಕಟ್ಟುತ್ತಿದ್ದವರು ಇವರು, ಪಾವತಿ ಬರುತ್ತಿದ್ದದ್ದು ಅವರ ಹೆಸರಿಗೆ.

ನಾನು ಹೇಳಿದರೆ ದೊಡ್ಡಮ್ಮ, "ಎಂತ ಮಗಾ, ಪಾವತಿಯಲ್ಲಿ ಅವರ ಹೆಸರಿದ್ದರೆ ಎಂತ ತೊಂದರೆ? ಅವರದ್ದೂ ನನ್ನದೂ ಬೇರೆ ಬೇರೆ ಉಂಟಾ?" ಎಂದು ನಕ್ಕರು.

ಹದಿನೈದು ದಿನದಲ್ಲಿ ತೊಂದರೆ ಬಾಗಿಲಿಗೆ ಬಂತು. ಅವರ ಯಜಮಾನರ ಅಣ್ಣನ ಮಗ, ಕಾಲೇಜು ಓದುವಾಗ ಅದೇ ಮನೆಯಲ್ಲಿ ಇದ್ದು ದೊಡ್ಡಮ್ಮನ ಕೈಯೂಟ ಉಂಡವನು, ತನ್ನ ಹೆಸರೂ ಆ ವಿಳಾಸದ ರೇಷನ್ ಕಾರ್ಡಿನಲ್ಲಿ ಇದೆ, ಪಗ್ಡಿ ಮನೆತನದ್ದು, ತನಗೂ ಪಾಲು ಬೇಕು ಎಂದು ಮಾಲೀಕರಿಗೆ ಪತ್ರ ಬರೆದಿದ್ದ. ಆ ಸಂಜೆ ದೊಡ್ಡಮ್ಮ ದೀಪ ಹಚ್ಚಲಿಲ್ಲ. "ಐವತ್ತು ವರ್ಷ ಈ ನೆಲ ಒರೆಸಿದ್ದೇನೆ. ಒಂದು ಕಾಗದದಲ್ಲೂ ನಾನಿಲ್ಲವಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಮನೆಯ ಕಾಗದದಲ್ಲೂ ನಾನಿರಲಿಲ್ಲವಲ್ಲ.

ಊರ ಕಡೆಯ ವಕೀಲೆಯೊಬ್ಬರನ್ನು ಕೇಳಿದೆವು. ಬಾಡಿಗೆದಾರ ತೀರಿಕೊಂಡಾಗ ಅವರ ಜೊತೆ ಆ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಬಾಡಿಗೆ ಹಕ್ಕು ಬರುತ್ತದೆ ಎಂದು 1999ರ ಕಾಯ್ದೆ ಹೇಳುತ್ತದೆ. ಅಂದರೆ ಹಕ್ಕು ದೊಡ್ಡಮ್ಮನದ್ದೇ. ಸೋದರಳಿಯನೋ ಅಣ್ಣನ ಮಗನೋ ಹಿಂದೊಮ್ಮೆ ಇದ್ದು ಹೋದರೆ ಸಾಲದು, ಆ ಹೊತ್ತಿಗೆ ಅಲ್ಲಿ ವಾಸವಿರಬೇಕು. ಆದರೆ ಹಕ್ಕಿದ್ದರೆ ಸಾಲದು, ತೋರಿಸಲು ಕಾಗದ ಬೇಕು. ಎರಡು ಭಾನುವಾರ ದೊಡ್ಡಮ್ಮನ ಟ್ರಂಕ್ ಬಿಚ್ಚಿ ಕೂತೆವು. ಮರಣ ಪ್ರಮಾಣಪತ್ರ, ಹಳೆಯ ರೇಷನ್ ಕಾರ್ಡ್, ಮತದಾರರ ಚೀಟಿ, ಗ್ಯಾಸಿನ ಪುಸ್ತಕ, ಪಿಂಚಣಿ ಬರುವ ಬ್ಯಾಂಕ್ ಪಾಸ್‌ಬುಕ್, ಬಾಡಿಗೆ ಪಾವತಿಗಳ ಕಟ್ಟು, ಕೊನೆಗೆ ಅರಿಶಿನ ಹಚ್ಚಿದ ಮದುವೆಯ ಕರೆಯೋಲೆ. ನಾನು ಎಲ್ಲವನ್ನೂ ಸ್ಕ್ಯಾನ್ ಮಾಡಿದೆ. ಮುಲುಂಡ್‌ನಲ್ಲಿರುವ ಮಗಳು ತನ್ನ ಆಕ್ಷೇಪವಿಲ್ಲ ಎಂದು ಅಫಿಡವಿಟ್ ಕೊಟ್ಟಳು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅರ್ಜಿ ಹೋಯಿತು.

ಮಾಲೀಕರು ಮೊದಲು ಆಮೇಲೆ ನೋಡೋಣ ಎಂದರು, ನಂತರ ಹೆಸರು ಬದಲಿಸಲು ಹಣ ಕೇಳಿದರು. ವಕೀಲೆ ಎರಡು ಪತ್ರ ಬರೆದರು. ಏಳು ತಿಂಗಳ ಮೇಲೆ ಮೆಹತಾಜಿ ಹೊಸ ಪಾವತಿ ತಂದುಕೊಟ್ಟರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಮರಾಠಿ ಅಕ್ಷರ ಅವರಿಗೆ ಓದಲು ಬರುತ್ತದೆ, ಆದರೂ ನನ್ನ ಮಗಳ ಕೈಗೆ ಕೊಟ್ಟು, "ನನ್ನ ಹೆಸರು ಸರಿ ಬರೆದಿದ್ದಾರಾ ಓದು" ಎಂದರು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ದೊಡ್ಡಮ್ಮ ಮತ್ತೊಮ್ಮೆ ಓದಿಸಿದರು.

ಕಟ್ಟಡ ಇನ್ನೂ ಹಾಗೇ ನಿಂತಿದೆ. ಹೊಸ ಮನೆಗೆ ಕಾಲಿಡುತ್ತೇನೋ ಇಲ್ಲವೋ ಎಂದು ದೊಡ್ಡಮ್ಮ ಹೇಳುತ್ತಿರುತ್ತಾರೆ. ಆದರೆ ಅವರನ್ನು ಕೇಳದೆ ಯಾರೂ ಈಗ ಆ ಮನೆಯ ವಿಷಯ ತೀರ್ಮಾನಿಸುವಂತಿಲ್ಲ.

ನನ್ನ ಕಥೆಗೆ ಬರುತ್ತೇನೆ. ಆ ವರ್ಷ ಆಫೀಸಿನ ಲೆಕ್ಕಪತ್ರ ವಿಭಾಗದವರು, ಕರಾರು ನಿಮ್ಮ ಹೆಸರಲ್ಲಿಲ್ಲ ಎಂದು ನನ್ನ ಎಚ್‌ಆರ್‌ಎ ವಿನಾಯಿತಿ ಒಪ್ಪಲಿಲ್ಲ. ಆಧಾರ್ ವಿಳಾಸ ಬದಲಿಸಲು ನನ್ನ ಹೆಸರಿನ ಕರಾರು ಇರಲಿಲ್ಲ. ಸಣ್ಣ ನಷ್ಟಗಳೇ, ಆದರೆ ದೊಡ್ಡಮ್ಮನನ್ನು ನೋಡಿದ ಮೇಲೆ ಸಣ್ಣದಾಗಿ ಕಾಣಲಿಲ್ಲ. ಕರಾರು ಹೊಸದು ಮಾಡುವಾಗ ಇಬ್ಬರ ಹೆಸರೂ ಬೇಕು ಎಂದೆ. ಬ್ರೋಕರ್ ಮುಖ ನೋಡಿದರು. ಯಜಮಾನರು, "ಮೊದಲೇ ಹೇಳಬಾರದಿತ್ತಾ?" ಎಂದರು ಅಷ್ಟೇ. ಅವರು ಬೇಡ ಎಂದವರೇ ಅಲ್ಲ. ಕೇಳದೆ ಇದ್ದವಳು ನಾನು. ಈ ಸಲ ಬೆರಳಚ್ಚು ಯಂತ್ರದ ಮೇಲೆ ನನ್ನ ಹೆಬ್ಬೆರಳೂ ಬಿತ್ತು. ಚಹಾ ಯಜಮಾನರು ಮಾಡಿದರು.

ಇದು ಗಂಡಸರ ಮೇಲಿನ ದೂರಲ್ಲ. ಪ್ರೀತಿ ಇರುವ ಮನೆಯಲ್ಲೇ ನಾವು ಕಾಗದ ನೋಡುವುದನ್ನು ಮರೆಯುತ್ತೇವೆ. ಆದ್ದರಿಂದ ನನ್ನದೊಂದು ಕೋರಿಕೆ. ಇವತ್ತು ಮನೆಗೆ ಹೋಗಿ ಊಟವಾದ ಮೇಲೆ ಕಪಾಟಿನ ಆ ಫೈಲು ತೆಗೆಯಿರಿ. ಲೀವ್ ಅಂಡ್ ಲೈಸೆನ್ಸ್ ಇರಲಿ, ಪಗ್ಡಿಯ ಪಾವತಿ ಇರಲಿ, ಸೊಸೈಟಿಯ ಶೇರ್ ಸರ್ಟಿಫಿಕೇಟ್ ಇರಲಿ, ಅದರಲ್ಲಿ ನಿಮ್ಮ ಹೆಸರು ಇದೆಯೇ ನೋಡಿ. ನಿಮ್ಮ ಅತ್ತೆಯವರ, ಅಮ್ಮನ ಕಾಗದವನ್ನೂ ನೋಡಿ. ಇಲ್ಲದಿದ್ದರೆ ಎಲ್ಲರೂ ಚೆನ್ನಾಗಿರುವಾಗಲೇ, ಮನಸ್ತಾಪ ಇಲ್ಲದಿರುವಾಗಲೇ ಸರಿಪಡಿಸಿಕೊಳ್ಳಿ. ಓದಲು, ಸ್ಕ್ಯಾನ್ ಮಾಡಲು ಸಹಾಯ ಬೇಕಿದ್ದರೆ ನಮ್ಮ ಮಹಿಳಾ ವಿಭಾಗದಲ್ಲಿ ನಾನಿದ್ದೇನೆ, ನನ್ನಂಥವರು ಇನ್ನೂ ಹತ್ತು ಮಂದಿ ಇದ್ದಾರೆ. ಐಟಿ ಓದಿದ್ದು ಇಷ್ಟಕ್ಕಾದರೂ ಉಪಯೋಗವಾಗಲಿ.

ಮುಂದಿನ ಸಾಲಿನಲ್ಲಿ ನನ್ನ ಮಗಳ ಕೈ ಹಿಡಿದು ಕೂತಿರುವ ದೊಡ್ಡಮ್ಮನಿಗೆ ವಂದನೆ. ಅವರ ಅನುಮತಿ ಪಡೆದೇ ಇದನ್ನೆಲ್ಲ ಹೇಳಿದ್ದೇನೆ.